ಕೌದಿ ಬಿಚ್ಚಿದ ಮೇಲೆ: ಹಾನಗಲ್ಲಿನ ಒಂದು ಕೋಣೆಯಿಂದ ಹೊಲಿಗೆಯ ಕಥೆ

ಭಾಗ 1

ಫೋಟೋದಲ್ಲಿ ನೆಲಕ್ಕೆ ಹಾಸಿರೋ ಹರಕು ಕೌದಿ ನಮ್ಮ ಅಜ್ಜಿದು. ಒಂದು ಮೂಲೆ ಇಲಿ ಕಡಿದಿದೆ. ನಡುವೆ ಗೇಣಗಲ ಹರಿದು ಒಳಗಿನ ಬಟ್ಟೆ ಹೊರಗೆ ಇಣುಕುತ್ತಿದೆ. ಹೋದ ತಿಂಗಳು ಇದನ್ನ ನನ್ನ ಹೊಲಿಗೆ ಕೋಣೆಯೊಳಗೆ ಹಾಸಿ, ಬ್ಲೇಡು ಹಿಡಿದು, ಒಂದೊಂದೇ ಹೊಲಿಗೆ ಬಿಚ್ಚಿದೆ. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಯಾಕೆ ಬಿಚ್ಚಿದೆ ಅಂತ ಹೇಳ್ತೀನಿ ಕೇಳ್ರಿ. ಹಾನಗಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ಒಂದು ಇಸ್ತ್ರಿ ಪೆಟ್ಟಿಗೆ, ಅಷ್ಟೇ. ಊರಿನ ಹುಡುಗಿಯರ ಜೊತೆ ಶಿಗ್ಗಾಂವಿ, ಸವಣೂರು ಕಡೆಯಿಂದ ಬಸ್ ಹಿಡಿದು ಬರೋರೂ ಇದ್ದಾರೆ. ಹಿರೇಕೆರೂರಿನಾಕಿ ಒಬ್ಬಾಕಿ ಶನಿವಾರಕ್ಕೊಮ್ಮೆ ಬರ್ತಾಳೆ. ಹೊಸದಾಗಿ ಸೇರಿದ ಸವಣೂರಿನ ಹುಡುಗಿಗೆ ಸೂಜಿಗೆ ದಾರ ಪೋಣಿಸು ಅಂದೆ. ಆಕಿ ನಾಚಿಕೊಂಡು, "ನಮ್ಮ ಮನ್ಯಾಗ ಯಾರಿಗೂ ಹೊಲಿಗಿ ಬರಂಗಿಲ್ರಿ ಅಕ್ಕಾರ, ನಾನಾ ಮೊದಲನೇದಾಕಿ" ಅಂದ್ಲು.

"ರಾತ್ರಿ ಏನು ಹೊಚ್ಕೊಂಡು ಮಲಗ್ತಿ?"

"ಕೌದಿರಿ."

"ಯಾರು ಹೊಲಿದದ್ದು?"

"ನಮ್ಮ ಅಜ್ಜಿ..." ಅಂದಾಕಿ ಅಲ್ಲೇ ಸುಮ್ಮನಾದ್ಲು.

ಆಕಿ ಸುಳ್ಳು ಹೇಳಿರಲಿಲ್ಲ. ನಾವೆಲ್ಲ ಹಂಗೇ ಮಾತಾಡ್ತೀವಿ. ಮಷಿನ್ ತುಳಿದ್ರೆ ಹೊಲಿಗೆ ಬರ್ತದೆ ಅಂತೀವಿ, ಕೌದಿ ಹೊಲಿದ್ರೆ ಅಜ್ಜಿ ಸುಮ್ಮನೆ ಕುಂತಿದ್ಲು ಅಂತೀವಿ. ಈ ಲೆಕ್ಕ ಯಾವಾಗ ಶುರುವಾಯ್ತು? ಪುಸ್ತಕಕ್ಕಿಂತ ಮೊದಲು ಕೌದಿಯನ್ನೇ ಕೇಳೋಣ ಅನ್ನಿಸ್ತು. ಅದಕ್ಕೇ ಬಿಚ್ಚಿದೆ.

ಭಾಗ 2

ಬಿಚ್ಚೋ ಮೊದಲು ಅದನ್ನ ಹೊಲಿಯೋದು ಹೆಂಗೆ ಅಂತ ತಿಳ್ಕೊಂಡಿರಬೇಕು. ಕಲಿಯಬೇಕು ಅನ್ನೋರು ಈ ಭಾಗ ಸೇವ್ ಮಾಡ್ಕೊಳ್ರಿ.

ಮೊದಲು ಒಂದು ಹಳೆ ಸೀರೆಯನ್ನ ತೊಳೆದು, ಗಂಜಿ ಪೂರ್ತಿ ಬಿಡಿಸಿ, ಸುಕ್ಕಿಲ್ಲದಂತೆ ಹಾಸಬೇಕು. ಅದರ ಮೇಲೆ ಹಳೆ ಧೋತರ, ಲುಂಗಿ, ಹರಿದ ಅಂಗಿಯ ಬೆನ್ನಿನ ಭಾಗ, ಹಿಂಗೆ ನಾಲ್ಕೈದು ಪದರು. ಎಲ್ಲಕ್ಕೂ ಮೇಲೆ ಚೆಂದದ ಚೂರುಗಳು: ಖಣದ ತುಂಡು, ಸೀರೆಯ ಅಂಚು, ಮಕ್ಕಳ ಲಂಗದ ಹೂವು. ಪದರು ಸರಿದಾಡಬಾರದು ಅಂತ ನಾಲ್ಕು ಬೆರಳಿಗೊಂದರಂತೆ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಬೇಕು. ಆಮೇಲೆ ಒಂದು ಮೂಲೆಯಿಂದ ಶುರು ಮಾಡಿ ಅಂಚಿನಗುಂಟ ಸುತ್ತು ಬರೋದು. ಒಂದು ಸುತ್ತು ಮುಗಿದರೆ ಒಂದು ಬೆರಳು ಒಳಗೆ ಸರಿದು ಇನ್ನೊಂದು ಸುತ್ತು. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗೀತದೆ. ಹೊಲಿಗೆ ಎಷ್ಟು ಉದ್ದ ಇರಬೇಕು ಅಂದ್ರೆ ನಮ್ಮ ಅಜ್ಜಿ ಟೇಪು ತೋರಿಸ್ತಿರಲಿಲ್ಲ. "ಜ್ವಾಳದ ಕಾಳಿನಷ್ಟು" ಅಂತಿದ್ಲು. ಕೊನೆಯ ಮೂಲೆ ಮುಚ್ಚೋ ಮೊದಲು ಒಳಗೆ ನಾಲ್ಕು ಕಾಳು ಜೋಳ ಹಾಕ್ತಿದ್ಲು. ಕೌದಿ ಹಸಿದಿರಬಾರದಂತೆ.

ಇದು ನಮ್ಮದೊಂದೇ ಊರಿನ ವಿದ್ಯೆಯಲ್ಲ. ಮಹಾರಾಷ್ಟ್ರದಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಸಿಂಧಿನಲ್ಲಿ ರಲ್ಲಿ. ಹಾನಗಲ್ ದಾಟಿ ಮುಂಡಗೋಡಿನ ಕಡೆ ಹೋದ್ರೆ ಸಿದ್ದಿ ಹೆಂಗಸರ ಕವಂದ. ಆಫ್ರಿಕಾ ಮೂಲದ ಸಿದ್ದಿಗಳು ಮುಂಡಗೋಡ, ಯಲ್ಲಾಪುರ, ಹಳಿಯಾಳದಲ್ಲಿ ಇದ್ದಾರೆ. ಅವರ ಕವಂದದ ಮೂಲೆಗಳಿಗೆ ಬಟ್ಟೆಯ ಮಡಿಕೆ ಮಡಿಕೆಯಾಗಿ ಕೂರಿಸಿದ ತ್ರಿಕೋನದ 'ಫೂಲ್' ಇರಲೇಬೇಕು, ಅದಿಲ್ಲದಿದ್ದರೆ ಕವಂದ ಬತ್ತಲೆ ಅಂತಾರೆ. 2011ರಲ್ಲಿ ಈ ಕವಂದಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕೂ ಹೋಗಿದ್ದವು.

ಎಲ್ಲ ಮನೆಯಲ್ಲೂ ಮನೆಯೋರೇ ಹೊಲೀತಿದ್ರು ಅಂತಲ್ಲ. ಬೇಸಿಗೆಯಲ್ಲಿ ಗೊಂದಲಿಗರ ಹೆಂಗಸರು ಓಣಿ ಓಣಿಗೆ ಬಂದು, ಮನೆಯ ಹಳೆ ಬಟ್ಟೆ ತಗೊಂಡು, ಅಂಗಳದಲ್ಲೇ ಕುಂತು ಕೌದಿ ಹೊಲಿದು ಕೊಡ್ತಿದ್ರು. ಜೋಳ, ಒಂದು ಹೊತ್ತಿನ ಊಟ, ಮೇಲೆ ಒಂದಿಷ್ಟು ರೊಕ್ಕ. ಅಜ್ಜಿ ಕಲಿತದ್ದು ಅವರ ಪಕ್ಕ ಕುಂತು ನೋಡಿಯೇ ಅಂತ ಅವ್ವ ಹೇಳ್ತಾಳೆ. ಅಂದ್ರೆ ಅದೂ ಒಂದು ಕ್ಲಾಸೇ, ಫೀ ಜೋಳದ ರೂಪದಲ್ಲಿ.

ಭಾಗ 3

ಬಿಚ್ಚಿದ ಎರಡನೆಯ ಪದರು: ಹಳದಿ ತಿರುಗಿದ ಒಂದು ಬಿಳಿ ಬಟ್ಟೆ. ಅವ್ವ ಮುಟ್ಟಿ ನೋಡಿ, ಮುನಿಸು ಮರೆತು, "ಮಾದರಪಾಟು" ಅಂದ್ಲು.

ಈ ಒಂದು ಹೆಸರಿನೊಳಗೆ ಇಡೀ ಚರಿತ್ರೆ ಐತಿ ನೋಡ್ರಿ. ಆಂಧ್ರದ ಗೋದಾವರಿ ತೀರದಲ್ಲಿ ನರಸಾಪುರದ ಹತ್ತಿರ ಮಾಧವಾಯಿಪಾಲೆಂ ಅಂತ ಊರು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು, ಅಲ್ಲಿನ ನೇಕಾರರ ಬಟ್ಟೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಿತ್ತು. ಇಂಗ್ಲಿಷರ ಬಾಯಲ್ಲಿ ಊರು 'ಮಡಪೊಲ್ಲಾಂ' ಆಯ್ತು. ಮುಂದೆ ಮ್ಯಾಂಚೆಸ್ಟರಿನ ಗಿರಣಿಗಳು ಅದೇ ನಮೂನೆಯ ಬಟ್ಟೆ ಮಾಡಿ, ಅದೇ ಹೆಸರಿಟ್ಟು, ನಮಗೇ ತಂದು ಮಾರಿದವು. ನಮ್ಮ ಸಂತೆಯಲ್ಲಿ ಅದು 'ಮಾದರಪಾಟು'.

ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ? ಒಂದಿಷ್ಟು ನಮ್ಮಿಂದಲೇ. ಆಗ ಹಾವೇರಿ ಜಿಲ್ಲೆ ಇರಲಿಲ್ಲ, ಅದು ಆದದ್ದು 1997ರಲ್ಲಿ. ಹಾನಗಲ್ಲು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯ ತಾಲೂಕು. ಶಿಗ್ಗಾಂವಿ ಇದ್ದದ್ದು ಬಂಕಾಪುರ ತಾಲೂಕಿನಲ್ಲಿ, ಹಿರೇಕೆರೂರು ಕೋಡ ತಾಲೂಕಿನಲ್ಲಿ. ಸವಣೂರು ಮಾತ್ರ ನವಾಬರ ಬೇರೆ ಸಂಸ್ಥಾನ. ನಮ್ಮ ಹಾನಗಲ್ಲು ಭತ್ತದ ಸೀಮೆ, ಹತ್ತಿ ಬೆಳೆಯೋದು ಎರೆ ಹೊಲ ಇದ್ದ ಕಡೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿತ್ತು. ಅದಕ್ಕೇ ವ್ಯಾಪಾರಿಗಳ ಪಟ್ಟಿಯಲ್ಲಿ ನಮ್ಮ ಎರೆ ಹೊಲದ ಹತ್ತಿಯ ಹೆಸರು 'ಕುಮಟಾ ಹತ್ತಿ'. ಕುಮಟಾದಲ್ಲಿ ಹತ್ತಿ ಬೆಳೀತದೆ ಅಂತ ಲಿವರ್‌ಪೂಲಿನಲ್ಲಿ ಎಷ್ಟು ಜನ ಅಂದ್ಕೊಂಡಿದ್ರೋ ಏನೋ. 1840ರ ದಶಕದಲ್ಲಿ ಅಮೆರಿಕದ ಬೀಜವನ್ನೂ ಇಲ್ಲಿ ಬಿತ್ತಿಸಿದ್ರು, ಅದು 'ಧಾರವಾಡ-ಅಮೆರಿಕನ್' ಅಂತ ಹೆಸರು ಮಾಡ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಮ್ಯಾಂಚೆಸ್ಟರಿನವರು ಒತ್ತಾಯ ಮಾಡಿ ಕಾರವಾರವನ್ನ ಹತ್ತಿಯ ಬಂದರು ಮಾಡಿಸೋಕೆ ನೋಡಿದ್ರು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯೇ ಇತ್ತು. 1865ರಲ್ಲಿ ಯುದ್ಧ ಮುಗೀತು, ಬೆಲೆ ಬಿತ್ತು, ಮುಂಬೈಯ ದೊಡ್ಡ ದೊಡ್ಡ ಸಾಹುಕಾರರೇ ಮುಳುಗಿದ್ರು.

ಹತ್ತಿ ಕಚ್ಚಾ ಹೋಗಿ ಬಟ್ಟೆಯಾಗಿ ಬಂತು. 1880ರ ದಶಕದಲ್ಲಿ ಹುಬ್ಬಳ್ಳಿ-ಹರಿಹರ ರೈಲು ಬಂದ ಮೇಲೆ ಗಿರಣಿ ಬಟ್ಟೆ ಊರೂರಿನ ಸಂತೆಗೆ ಇನ್ನೂ ಸಲೀಸಾಗಿ ಇಳೀತು. ಉಟ್ಟು, ತೊಟ್ಟು, ಹರಿದ ಮೇಲೆ ಅದು ಕೌದಿಯೊಳಗೆ ಹೋಗಿ ಮಲಗಿತು. ಅಜ್ಜಿಯ ಕೌದಿಯಲ್ಲಿರೋ ತುಂಡು ಅಷ್ಟು ಹಳೇದಲ್ಲ, ಆಕೆ ಹುಟ್ಟಿದ ಮೇಲಿನದೇ. ಹೆಸರು ಮಾತ್ರ ಅಲ್ಲಿಂದ ಬಂದದ್ದು.

ಭಾಗ 4

ಈಗ ಸೂಜಿಯ ವಿಚಾರ.

ನಮ್ಮ ಕಡೆ ಹೊಲಿಗೆ ಒಂದು ಕಸುಬಾಗಿ ಯಾವತ್ತೂ ಇತ್ತು, ಆದರೆ ಅದು ಗಂಡಸರ ಕಸುಬು. ಸಿಂಪಿಗರು, ದರ್ಜಿಗಳು. ಇವತ್ತಿಗೂ ಸಿಂಪಿ, ದರ್ಜಿ ಅನ್ನೋ ಅಡ್ಡಹೆಸರು ಇಲ್ಲಿ ಕೇಳ್ತೀರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರ ಹೆಸರೇ ಸೂಜಿಕಾಯಕದ ರಾಮಿತಂದೆ. ಹೆಣ್ಣುಮಕ್ಕಳಲ್ಲಿ ನೂಲು ತೆಗೆಯೋ ಕದಿರ ರೆಮ್ಮವ್ವೆ ಇದ್ದಾಳೆ. ಕದಿರು ಹೆಣ್ಣಿನ ಹೆಸರಿಗೆ ಅಂಟಿತು, ಸೂಜಿ ಗಂಡಿನ ಹೆಸರಿಗೆ.

ಹೆಂಗಸರ ಸೂಜಿಗೆ ಹೆಸರು ಸಿಕ್ಕಿದ್ದು ಚೆಂದದ ಕೆಲಸಕ್ಕೆ ಮಾತ್ರ. ಧಾರವಾಡದ ಕಸೂತಿ ನೋಡ್ರಿ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ, ನಾಲ್ಕೇ ಹೊಲಿಗೆ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಕಡೆ ಒಂದೇ ಥರ ಕಾಣೋ ಹಂಗೆ. ಕರಿ ಚಂದ್ರಕಾಳಿ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ. ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಲಂಬಾಣಿ ಹೆಂಗಸರು ಹೊಲಿದ 1755 ವಸ್ತು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದ್ರು. ಶಿಗ್ಗಾಂವಿ, ಹಾನಗಲ್ ಕಡೆಯ ತಾಂಡಾಗಳಲ್ಲೂ ತಾಯಿಯಿಂದ ಮಗಳಿಗೆ ಇದೇ ವಿದ್ಯೆ ಇಳಿದು ಬಂದದ್ದು. ಸಂತೋಷದ ಮಾತೇ. ಆದರೆ ಕೌದಿ ಚೆಂದಕ್ಕಲ್ಲ, ಚಳಿಗೆ ಹೊಲಿದದ್ದು. ಅದನ್ನ ಯಾರು ಎಣಿಸ್ತಾರೆ?

ಆಮೇಲೆ ಮಷಿನ್ ಬಂತು. ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ತಗೊಂಡದ್ದು 1851ರಲ್ಲಿ. ಹತ್ತೊಂಬತ್ತನೆಯ ಶತಮಾನ ಮುಗಿಯೋದರೊಳಗೆ ಅವನ ಮಷಿನ್ ಭಾರತದ ಪೇಟೆಗಳಿಗೆ ಬಂದು, ಕಂತಿನ ಮೇಲೆ ಮಾರಾಟ ಆಗ್ತಿತ್ತು. ಅದು ಕುಂತದ್ದು ಅರಿವೆ ಅಂಗಡಿಯ ಕಟ್ಟೆಯ ಮೇಲೆ, ದರ್ಜಿಯ ಮುಂದೆ. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಮಾತಾಡ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಈ ಮಷಿನ್‌ಗೆ ಮಾತ್ರ ವಿನಾಯಿತಿ ಕೊಟ್ರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯೋದು ನೋಡಲಾರದೆ ಸಿಂಗರ್ ಇದನ್ನ ಕಂಡುಹಿಡಿದ ಅಂತ ಅವರು ನಂಬಿದ್ರು. ಸಿಂಗರನ ಸಂಸಾರದ ಕಥೆ ಓದಿದವರಿಗೆ ನಗು ಬರ್ತದೆ: ಹಲವು ಹೆಂಗಸರು, ಹಲವು ಮನೆ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಇರಲಿ. ಕೈಹೊಲಿಗೆಯಲ್ಲಿ ದಣಿವಿದೆ ಅಂತ ಗಾಂಧೀಜಿಗೆ ಗೊತ್ತಿತ್ತಲ್ಲ, ಅದು ದೊಡ್ಡದು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಮಷಿನ್ ಶುರುವಾದ ಮೇಲೆ ನಮ್ಮ ದೇಶದ್ದೇ ಮಷಿನ್ ಸಿಗೋ ಹಂಗಾಯ್ತು. ನನ್ನ ಕೋಣೆಯಲ್ಲಿರೋ ಎರಡರಲ್ಲಿ ಒಂದು ಅದೇ, ಕಾಲಲ್ಲಿ ತುಳಿಯೋದು.

ಭಾಗ 5

ಮೂರನೆಯ ಪದರು ಖಾದಿ. ದಪ್ಪ ನೂಲು, ಅಲ್ಲಲ್ಲಿ ಗಂಟು. ಇದನ್ನ ಬಿಚ್ಚೋವಾಗ ಕೈ ಸ್ವಲ್ಪ ನಡುಗಿತು.

ನಮ್ಮ ಜಿಲ್ಲೆಯಲ್ಲಿ ಖಾದಿ ಅಂದ್ರೆ ನೆನಪಾಗೋದು ಮೋಟೆಬೆನ್ನೂರಿನ ಮೈಲಾರ ಮಹಾದೇವ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದಾಗ ಇನ್ನೂ ಇಪ್ಪತ್ತು ತುಂಬದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ್ರು. ಆ ಕಾಲದಲ್ಲಿ ರಾಟಿ ತಿರುಗಿಸಿದ ಮನೆಗಳ ಹಳೆ ಖಾದಿ ಕೊನೆಗೆ ಎಲ್ಲಿ ಹೋಯ್ತು ಅಂತ ಕೇಳಿದ್ರೆ, ವಸ್ತುಸಂಗ್ರಹಾಲಯಕ್ಕೆ ಹೋದದ್ದಕ್ಕಿಂತ ಹೆಚ್ಚು ಕೌದಿಗಳಿಗೇ ಹೋಗಿರಬೇಕು ಅಂತ ನನ್ನ ಅನಿಸಿಕೆ.

ಇಲ್ಲೊಂದು ಮಾತು ಹೇಳದೆ ಇರಲಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಂತ ಐತಿ, 1957ರದ್ದು. ರಾಷ್ಟ್ರಧ್ವಜವನ್ನ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರದೊಂದಿಗೆ ಹೊಲಿಯೋ ಜಾಗ. ಕೆಲಸ ಮಾಡೋರಲ್ಲಿ ಬಹುತೇಕ ಹೆಂಗಸರು. ಅಳತೆ, ಬಣ್ಣ, ನೂಲು, ಹೊಲಿಗೆ ಎಲ್ಲದಕ್ಕೂ ನಿಯಮ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಾವುಟಕ್ಕೂ, ಮಷಿನ್‌ನಲ್ಲಿ ಮಾಡಿದ ಬಾವುಟಕ್ಕೂ ಒಪ್ಪಿಗೆ ಕೊಟ್ರು. ಪಾಲಿಯೆಸ್ಟರ್ ಅನ್ನೋ ಶಬ್ದ ನೆನಪಿಟ್ಕೊಳ್ರಿ, ಮುಂದೆ ಬರ್ತದೆ.

ಭಾಗ 6

ಅವ್ವನ ಕಥೆ. ಗೋಡೆಗೆ ನೇತುಹಾಕಿದ ಸರ್ಟಿಫಿಕೇಟಿನ ಫೋಟೋ ಹಾಕೀನಿ, ಹೆಸರು ಮಾತ್ರ ಮುಚ್ಚೀನಿ.

ಸ್ವಾತಂತ್ರ್ಯ ಬಂದ ಮೇಲೆ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಮರುವರ್ಷ ದುರ್ಗಾಬಾಯಿ ದೇಶಮುಖರ ನೇತೃತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಊರೂರಿಗೆ ಮಹಿಳಾ ಮಂಡಳ, ಗ್ರಾಮಸೇವಿಕೆ, ಹೊಲಿಗೆ ತರಗತಿ. 1982ರಲ್ಲಿ ಡ್ವಾಕ್ರಾ, 2000ದ ಹೊತ್ತಿಗೆ ನಮ್ಮ ರಾಜ್ಯದ ಸ್ತ್ರೀಶಕ್ತಿ ಸಂಘಗಳು. ಹೆಸರು ಬದಲಾದ್ವು, ಹೊಲಿಗೆ ಮಷಿನ್ ಮಾತ್ರ ಎಲ್ಲದರಲ್ಲೂ ಉಳೀತು. ಹೆಣ್ಣುಮಕ್ಕಳ ಉದ್ಧಾರಕ್ಕೆ ಸರ್ಕಾರಕ್ಕೆ ಮೊದಲು ಹೊಳೆಯೋದು ಅದೇ.

ಅವ್ವ ಕಲಿತದ್ದು ಇಂಥ ಮಹಿಳಾ ಮಂಡಳದಲ್ಲಿ. ಕಾಗದದ ಮೇಲೆ ದಾರವಿಲ್ಲದೆ ಮಷಿನ್ ಓಡಿಸಿ ನೇರ ಗೆರೆ ಕಲಿಯೋದು, ಆಮೇಲೆ ಝಬಲಾ, ಲಂಗ, ಕೊನೆಗೆ ಬ್ಲೌಸು. ಆಕೆಯ ನೋಟುಬುಕ್ಕು ಇನ್ನೂ ಇದೆ, ಬ್ರೌನ್ ಪೇಪರಿನ ಸಣ್ಣ ಸಣ್ಣ ಕುಪ್ಪಸ ಅಂಟಿಸಿದ್ದು. ಆ ಮಷಿನ್ ಮೇಲೆ ಅವ್ವ ನಮ್ಮಿಬ್ಬರನ್ನ ಓದಿಸಿದ್ಲು. ಫಾಲ್ ಹಚ್ಚೋದು, ಪಿಕೊ, ಕಾಜಾ-ಗುಂಡಿ, ಮದುವೆ ಸೀಸನ್‌ನಲ್ಲಿ ರಾತ್ರಿ ಎರಡರ ತನಕ ಬ್ಲೌಸು. ಹಂಗಾಗಿ ಸರ್ಕಾರಿ ಹೊಲಿಗೆ ತರಗತಿಗಳನ್ನ ನಾನು ಎಂದೂ ಹಗುರವಾಗಿ ನೋಡೋದಿಲ್ಲ. ಗಂಡಸರ ಕಟ್ಟೆಯ ಮೇಲಿದ್ದ ಮಷಿನ್ ನಮ್ಮ ಪಡಸಾಲೆಗೆ ಬಂದದ್ದು ಅವುಗಳಿಂದಲೇ.

ಆದರೆ ಆ ನೋಟುಬುಕ್ಕಿನಲ್ಲಿ ಕೌದಿ ಇಲ್ಲ. ಯಾಕಂತ ಕೇಳಿದೆ.

"ಕೌದಿ ಹೊಲ್ಯೂದು ಏನು ಕಲಿಯೂದೈತಿ? ಅದು ಬರ್ತಿತ್ತು" ಅಂದ್ಲು ಅವ್ವ.

"ನಿನಗ ಬರ್ತದೇನು?"

ಬರಂಗಿಲ್ಲ. ಅಜ್ಜಿಗೆ ಬರ್ತಿತ್ತು, ಗೊಂದಲಿಗರಾಕಿಗೆ ಬರ್ತಿತ್ತು. ಸರ್ಟಿಫಿಕೇಟ್ ಇರೋ ಅವ್ವನಿಗೆ ಬರಲಿಲ್ಲ, ಹಂಗಾಗಿ ನನಗೂ ಬರಲಿಲ್ಲ. ನಾನು ಕಲಿತದ್ದು ನಾಲ್ಕು ವರ್ಷದ ಹಿಂದೆ, ಹಳೆ ಕೌದಿಗಳ ಹಿಂಬದಿ ನೋಡಿ ನೋಡಿ.

ಮೆಸೇಜಿನಲ್ಲಿ ಭಾಳ ಜನ 'ಉಚಿತ ಹೊಲಿಗೆ ಯಂತ್ರ ಯೋಜನೆ' ಬಗ್ಗೆ ಕೇಳ್ತೀರಿ, ಅದಕ್ಕೂ ಉತ್ತರ ಹೇಳಿಬಿಡ್ತೀನಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿ ಇದೆ, ಅದರಲ್ಲಿ ದರ್ಜಿ ಒಂದು. ಮಷಿನ್ ಮನೆಗೆ ತಂದು ಕೊಡೋದಿಲ್ಲ, ತರಬೇತಿ ಮತ್ತು ಉಪಕರಣಕ್ಕೆ 15,000 ರೂಪಾಯಿ ತನಕ ವೋಚರ್ ಇದೆ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ. ಆ ಪಟ್ಟಿಯಲ್ಲಿ ಕಮ್ಮಾರ, ಕುಂಬಾರ, ಹೂಮಾಲೆ ಕಟ್ಟೋರು, ಮೀನುಬಲೆ ಹೆಣೆಯೋರು ಎಲ್ಲ ಇದ್ದಾರೆ. ಕೌದಿ ಹೊಲಿಯೋರು ಇಲ್ಲ. ದರ್ಜಿ ಅಂತ ಬರೆಸಿದ್ರೆ ಮಷಿನ್ ಎಲ್ಲಿ ಅಂತ ಕೇಳ್ತಾರೆ.

ಭಾಗ 7

ಎಲ್ಲಕ್ಕೂ ಮೇಲಿನ ಪದರು, ಅಂದ್ರೆ ಎಲ್ಲಕ್ಕೂ ಹೊಸದು: ನೈಲಾನ್, ಪಾಲಿಯೆಸ್ಟರ್ ಚೂರು. ಗುಲಾಬಿ, ಹಸಿರು, ಬಣ್ಣ ಒಂಚೂರೂ ಮಾಸಿಲ್ಲ. ಹರಿದದ್ದೂ ಇಲ್ಲೇ, ಸುತ್ತಲಿನ ಹತ್ತಿ ಸವೆದು ಹೊಲಿಗೆ ಬಿಟ್ಟಿದೆ.

1985ರ ಜವಳಿ ನೀತಿ ಹತ್ತಿಗೂ ಸಿಂಥೆಟಿಕ್ಕಿಗೂ ನಡುವಿನ ಭೇದ ತೆಗೆದುಹಾಕಿತು. ಸೂರತ್ತಿನ ಸೀರೆ ನಮ್ಮ ಸಂತೆ ತುಂಬಿತು. ಒಗೆದರೆ ಬೇಗ ಒಣಗ್ತದೆ, ಇಸ್ತ್ರಿ ಬೇಡ, ವರ್ಷಗಟ್ಟಲೆ ಹರಿಯೋದಿಲ್ಲ, ಬೆಲೆ ಕಡಿಮೆ. ಹೊಲಕ್ಕೆ ಹೋಗೋ ಹೆಂಗಸಿಗೆ ಇದಕ್ಕಿಂತ ಏನು ಬೇಕು? ನಾನು ಅದನ್ನ ಬೈಯೋದಿಲ್ಲ. ಆದರೆ ಕೌದಿಗೆ ಅದು ಬರೋದಿಲ್ಲ. ಬೆವರು ಹೀರೋದಿಲ್ಲ, ಪದರು ಒಂದರ ಮೇಲೊಂದು ಜಾರ್ತಾವೆ, ಒಲೆಯ ಕಿಡಿ ತಾಗಿದ್ರೆ ಕರಗಿ ಮೈಗೆ ಅಂಟ್ತದೆ. ಕೌದಿಗೆ ಬೇಕಾದದ್ದು ಹರಿಯೋ ಬಟ್ಟೆ. ಒಗೆದು ಒಗೆದು ಮೆತ್ತಗಾದ ಹತ್ತಿ.

ಹಿರೇಕೆರೂರಿನಾಕಿ ಇದನ್ನ ಕೇಳಿ ನಕ್ಕಳು. ಹತ್ತಿ ಆಕಿಗೆ ಬೇರೆಯೇ ರೀತಿ ಗೊತ್ತು. 1972ರಲ್ಲಿ ಧಾರವಾಡದ ಕೃಷಿ ಸಂಶೋಧಕರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ತಂದ ಮೇಲೆ ರಾಣೆಬೆನ್ನೂರು, ಹಿರೇಕೆರೂರು ಸೀಮೆಯಲ್ಲಿ ಬೀಜೋತ್ಪಾದನೆ ಬೆಳೀತು. ಸಂಜೆ ಮೊಗ್ಗಿನ ಗಂಡು ಭಾಗವನ್ನ ಉಗುರಲ್ಲಿ ತೆಗೆಯೋದು, ಮರುದಿನ ಮುಂಜಾನೆ ಬೇರೆ ಹೂವಿನ ಪರಾಗ ಮುಟ್ಟಿಸೋದು. 'ಕ್ರಾಸಿಂಗ್' ಅಂತಾರೆ. ಸಣ್ಣಾಕಿದ್ದಾಗ ಆಕಿ ಸಾಲಿ ಬಿಟ್ಟು ಅದಕ್ಕೆ ಹೋಗ್ತಿದ್ಲು, ಬೆರಳು ಸಣ್ಣದಿದ್ದವರಿಗೆ ಕೆಲಸ ಜಾಸ್ತಿ. ಈಗ ನನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಸಣ್ಣ ಹೊಲಿಗೆ ಆಕಿದೇ. "ಮಗ್ಗಿ ಹರೀದಂಗ ಮುಟ್ಟೂದು ರೂಢಿ ಐತ್ರಿ" ಅಂತಾಳೆ. ಅಷ್ಟು ಹತ್ತಿ ಮುಟ್ಟಿದಾಕಿಯ ಮನೆಯಲ್ಲಿ ಕೌದಿಗೆ ಒಂದು ಹತ್ತಿ ಸೀರೆ ಸಿಗಲಿಲ್ಲ. ನಾನು ಕೊಟ್ಟೆ.

ನೀವು ಮನೆಯಲ್ಲೇ ಕಲಿಯೋದಾದ್ರೆ ಪೂರ್ತಿ ಕೌದಿಗೆ ಕೈ ಹಾಕಬೇಡ್ರಿ. ಒಂದು ಮೊಳದ ಚೌಕ ಸಾಕು, ಮೂರು ಪದರು. ಪಾಲಿಯೆಸ್ಟರ್ ಹೌದೋ ಅಲ್ಲೋ ಗೊತ್ತಾಗದಿದ್ರೆ ಒಂದು ಎಳೆ ತೆಗೆದು ಕಡ್ಡಿ ಗೀರಿ ಸುಡ್ರಿ: ಹತ್ತಿಯಾದ್ರೆ ಬೂದಿ, ಪ್ಲಾಸ್ಟಿಕ್ಕಾದ್ರೆ ಗಟ್ಟಿ ಮಣಿ. ಹುಡುಗಿಯರಿಗೆ ನಾನು ಕೊಡೋ ಮೊದಲ ಡಿಸೈನ್ ನಮ್ಮೂರಿನ ತಾರಕೇಶ್ವರ ಗುಡಿಯ ಛತ್ತಿನ ಕಮಲ. ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಇಳಿಯೋದು ಹೆಂಗೆ ಅಂತ ತಲೆ ಎತ್ತಿ ಹತ್ತು ನಿಮಿಷ ನೋಡಿದ್ರೆ ತಿಳೀತದೆ, ಕತ್ತು ನೋಯ್ತದೆ ಅಷ್ಟೇ.

ಭಾಗ 8

ತಳದ ಪದರು.

ಮಾದರಪಾಟಿನ ಕೆಳಗೆ, ಖಾದಿಯ ಕೆಳಗೆ, ಇನ್ನೊಂದು ಕೌದಿ ಸಿಕ್ಕಿತು. ಸವೆದು ಜಾಳಾದ ಹಳೆ ಕೌದಿಯನ್ನ ಬಿಸಾಕದೆ ಹೊಸದರೊಳಗೆ ಹಾಕೋದು ರೂಢಿ. ಅಜ್ಜಿ ತನ್ನ ಕೌದಿಯೊಳಗೆ ಯಾರದೋ ಕೌದಿ ಹಾಕಿದ್ಲು. ಅಂಗೈ ಅಗಲದ ತುಂಡುಗಳು, ಬಣ್ಣ ಎಲ್ಲ ಮಣ್ಣಿನ ಬಣ್ಣ. ಹೊಲಿಗೆ ಮಾತ್ರ ಉಳಿದಿತ್ತು.

ಸವಣೂರಿನ ಹುಡುಗಿ ಬಗ್ಗಿ ನೋಡಿದ್ಲು. ಭಾಳ ಹೊತ್ತು ನೋಡಿದ್ಲು. ಆಮೇಲೆ, "ಅಕ್ಕಾರ, ಇದು ಉಲ್ಟಾ ಐತ್ರಿ" ಅಂದ್ಲು. ಹೌದು. ಅಜ್ಜಿಯ ಸುತ್ತು ಒಂದು ದಿಕ್ಕಿಗೆ, ಇದರ ಸುತ್ತು ಇನ್ನೊಂದು ದಿಕ್ಕಿಗೆ. ಗಂಟು ಶುರುವಾದ ಮೂಲೆಯೂ ಬೇರೆ. ನಾಲ್ಕು ವರ್ಷದಿಂದ ಕೌದಿ ಓದ್ತಾ ಬಂದ ನನಗೆ ಕಾಣಲಿಲ್ಲ, ನಾಲ್ಕು ವಾರದ ಹಿಂದೆ ಸೂಜಿ ಹಿಡಿದಾಕಿಗೆ ಕಂಡಿತು. ಯಾಕಂದ್ರೆ ಆಕಿ ಎಡಚಿ. ಆಕಿ ಹೊಲಿಯೋದೂ ಆ ದಿಕ್ಕಿಗೇ, ನಾನು ದಿನಾ ಆಕಿಯನ್ನ ತಿದ್ದುತ್ತಿದ್ದೆ.

ಅವ್ವನನ್ನ ಕರೆದು ತೋರಿಸಿದೆ. ಅವ್ವ ನೆಲದ ಮೇಲೆ ಕುಂತು ಆ ಹೊಲಿಗೆಯ ಮೇಲೆ ಬೆರಳು ಆಡಿಸಿದ್ಲು. "ನಮ್ಮ ಅವ್ವನ ಅತ್ತಿ ಎಡಚಿ ಇದ್ಲಂತ. ಉಣ್ಣಾಕ ಕುಂತಾಗ ಬೈತಿದ್ರಂತ" ಅಂದ್ಲು. ಹೆಸರು ಕೇಳಿದೆ. ಅವ್ವನಿಗೆ ಗೊತ್ತಿಲ್ಲ. ಕೇಳೋಣ ಅಂದ್ರೆ ಅಜ್ಜಿ ಇಲ್ಲ.

ಕೌದಿ ಈಗ ಮತ್ತೆ ಕೂಡಿಸ್ತಾ ಇದ್ದೀವಿ. ಆ ತುಂಡು ನಡುವೆ, ಅದರ ಮೇಲೆ ಖಾದಿ, ಮಾದರಪಾಟು, ಮೇಲೆ ಅವ್ವನ ಒಂದು ಇಳಕಲ್ ಸೀರೆ. ನೈಲಾನ್ ಚೂರುಗಳನ್ನ ತೆಗೆದುಬಿಡೋಣ ಅಂದೆ, ಅವ್ವ ಬೇಡ ಅಂದ್ಲು, ಅವು ಆಕೆಯ ಬಾಣಂತನದ ಸೀರೆದಂತೆ. ಇಟ್ಟೀವಿ. ನಾನು ಬಲಗಡೆಯಿಂದ, ಸವಣೂರಿನಾಕಿ ಎಡಗಡೆಯಿಂದ ಹೊಲೀತಾ ಬರ್ತಾ ಇದ್ದೀವಿ. ನಡುವೆ ಎಲ್ಲಿ ಕೂಡ್ತೀವಿ ಗೊತ್ತಿಲ್ಲ, ಸಾಲು ಡೊಂಕಾಗ್ತದೆ ಅಂತ ಅವ್ವ ಈಗಲೇ ಹೇಳ್ಯಾಳೆ. ಮೂಲೆಗೆ ಹಾಕೋ ಜೋಳ ಡಬ್ಬಿಯಲ್ಲಿ ತೆಗೆದಿಟ್ಟೀವಿ.

ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ, ನಾಯಿ ಮಲಗೋ ಮೂಲೆಯಲ್ಲಿ ಒಂದು ಕೌದಿ ಇದ್ದೇ ಇರ್ತದೆ. ಅದರ ಹಿಂಬದಿಯ ಫೋಟೋ ಕಳಿಸ್ರಿ. ಮುಂಬದಿ ಬೇಡ, ಹಿಂಬದಿ. ಗಂಟು ಯಾವ ಮೂಲೆಯಲ್ಲಿದೆ ಅಂತ ಕಾಣೋ ಹಂಗೆ. ಹೊಲಿದವರ ಹೆಸರು ಗೊತ್ತಿದ್ರೆ, ಅವರು ಬರೆಯೋಕೆ ಒಪ್ಪಿದ್ರೆ, ಅದನ್ನೂ ಬರೀರಿ.

#ಕೌದಿ #ಹೊಲಿಗೆಕೋಣೆ #ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು